ಸಂಖ್ಯಮ್ಮ ನಮ್ಮ ಮನೆಯಲ್ಲಿದ್ದ ನಾಲ್ಕು ವರ್ಷ

ನಮ್ಮೂರಿನಲ್ಲಿ ಯಾವ ವಿಷಯದಲ್ಲಿ ಫೇಲಾಗುತ್ತೇವೋ ಆ ವಿಷಯ ನಮ್ಮ ಮನೆಗೇ ಬಂದು ಉಳಿಯುತ್ತದೆ. ಕಾಲೇಜಿನ ಗೋಡೆಗೆ ಫಲಿತಾಂಶದ ಹಾಳೆ ಅಂಟಿಸಿದ ದಿನ ಸಂಜೆ, ದೀಪ ಹಚ್ಚುವ ಹೊತ್ತಿಗೆ, ಕೈಯಲ್ಲೊಂದು ಬಟ್ಟೆಗಂಟು ಹಿಡಿದು ಬಾಗಿಲಲ್ಲಿ ನಿಂತಿರುತ್ತದೆ. ಕಾಲಿಗೆ ನೀರು ಕೊಟ್ಟು ಒಳಗೆ ಕರೆಯಬೇಕು. ನಾವು ಪಾಸಾಗುವವರೆಗೆ ಅದು ನಮ್ಮ ಜೊತೆಯೇ ಉಣ್ಣುತ್ತದೆ, ಬಚ್ಚಲಿಗೆ ನಮಗಿಂತ ಮೊದಲೇ ನುಗ್ಗುತ್ತದೆ, ಹಬ್ಬಕ್ಕೆ ಹೊಸ ಬಟ್ಟೆ ತರುವಾಗ ಅದಕ್ಕೂ ಒಂದು ಜೊತೆ ತರಬೇಕಾಗುತ್ತದೆ. ಮನೆಯವರೆಲ್ಲರ ಜೊತೆಗೂ ಚೆನ್ನಾಗಿ ಮಾತಾಡಿಕೊಂಡಿರುತ್ತದೆ, ಫೇಲಾದವನೊಬ್ಬನನ್ನು ಬಿಟ್ಟು. ಅವನ ಕಡೆ ತಿರುಗಿಯೂ ನೋಡುವುದಿಲ್ಲ. ಪಾಸಾದ ದಿನ ಹೋಳಿಗೆ ಊಟ ಹಾಕಿಸಿ, ಅದರ ಗಂಟನ್ನು ನಾವೇ ಹೊತ್ತು, ಬೀದಿಯ ಕೊನೆಯವರೆಗೆ ಹೋಗಿ ಬಿಟ್ಟು ಬರುವುದು ಪದ್ಧತಿ.

ಇದರಲ್ಲಿ ಅವಮಾನವೇನೂ ಇಲ್ಲ ಎಂದು ನಮ್ಮೂರಿನವರು ಬಾಯಲ್ಲಿ ಹೇಳುತ್ತಾರೆ. ನಮ್ಮ ಎದುರುಮನೆಯ ತಿಪ್ಪೇರುದ್ರಪ್ಪನವರು ನಿವೃತ್ತ ಪೋಸ್ಟ್‌ಮಾಸ್ಟರು. ಅವರ ಮನೆಯಲ್ಲಿ ಮೂವತ್ತೊಂದು ವರ್ಷದಿಂದ ಹಿಂದಿ ಇದ್ದಾನೆ. ಇಬ್ಬರಿಗೂ ಮಾತಿಲ್ಲ ಕಥೆಯಿಲ್ಲ, ಆದರೂ ಸಂಜೆಯಾದರೆ ಒಂದೇ ಜಗಲಿಯಲ್ಲಿ ಕೂತು ಒಂದೇ ಮೊರದಿಂದ ಕಡಲೆಪುರಿ ತಿನ್ನುತ್ತಾರೆ. ಆದರೆ ಹೆಣ್ಣು ಕೊಡುವ ಮಾತು ಬಂದಾಗ, "ಮನೇಲಿ ಎಷ್ಟು ಜನ?" ಎಂದು ಕೇಳಿದವರು ಸ್ವಲ್ಪ ತಡೆದು, "ಅದರಲ್ಲಿ ವಿಷಯಗಳು ಎಷ್ಟು?" ಎಂದೂ ಮೆಲ್ಲಗೆ ವಿಚಾರಿಸುತ್ತಾರೆ.

ಇನ್ನು ನನ್ನ ವಿಷಯ. ನನ್ನ ಹೆಸರು ಪಂಚಾಕ್ಷರಿ. ಹತ್ತನೆಯ ತರಗತಿಯಲ್ಲಿ ತೊಂಬತ್ತೊಂದು ಪರ್ಸೆಂಟು ತೆಗೆದು ಬೀದಿಗೇ ಮೊದಲಿಗನಾದೆ. ಆ ಬೇಸಿಗೆಯಿಡೀ ನಾನು ನೆಲದ ಮೇಲೆ ನಡೆದ ನೆನಪಿಲ್ಲ. ಯಾರು ಏನು ಕೇಳಿದರೂ ಗಂಟಲು ಸರಿಪಡಿಸಿಕೊಂಡು ಉತ್ತರಿಸುತ್ತಿದ್ದೆ. ಮರುವರ್ಷ ವಿಜ್ಞಾನ ತೆಗೆದುಕೊಂಡೆ. ಭೌತಶಾಸ್ತ್ರ, ರಸಾಯನಶಾಸ್ತ್ರ ಇಬ್ಬರೂ ಒಂದೇ ಸಂಜೆ ಬಂದಿಳಿದರು. ಇಬ್ಬರಿಗೂ ಪರಸ್ಪರ ಆಗುತ್ತಿರಲಿಲ್ಲ, ಕಿಟಕಿ ತೆಗೆಯಬೇಕೋ ಮುಚ್ಚಬೇಕೋ ಎಂದು ದಿನವೂ ಜಗಳ. ಹೇಗೋ ಮರುಪರೀಕ್ಷೆ ಬರೆದು ಅವರನ್ನು ಸಾಗಹಾಕಿ ಕಾಮರ್ಸಿಗೆ ಓಡಿಹೋದೆ. ಅಲ್ಲಿ ಎಂಬತ್ತಾರು. ಡಿಗ್ರಿಯ ಮೊದಲ ವರ್ಷ ಅರ್ಥಶಾಸ್ತ್ರದಲ್ಲಿ ಕಾಲೇಜಿಗೇ ಮೊದಲು. ಎರಡನೆಯ ವರ್ಷ ಸಂಖ್ಯಾಶಾಸ್ತ್ರದಲ್ಲಿ ನೂರಕ್ಕೆ ಹತ್ತೊಂಬತ್ತು. ಒಂದು ವರ್ಷ ಅಟ್ಟ, ಮರುವರ್ಷ ಹೊಂಡ. ನನ್ನ ಅಂಕಪಟ್ಟಿಗಳನ್ನು ಸಾಲಾಗಿ ಜೋಡಿಸಿ ನೋಡಿದವರನ್ನು ಇವೆಲ್ಲ ಒಬ್ಬನವೇ ಎಂದು ನಂಬಿಸಬೇಕಾದರೆ ನನಗೆ ಸಾಕುಸಾಕಾಗುತ್ತಿತ್ತು.

ಆ ಸಂಜೆ ಬಾಗಿಲಲ್ಲಿ ನಿಂತಿದ್ದದ್ದು ಸಣಕಲು ಮೈಯ ಒಬ್ಬ ಹೆಂಗಸು. ಬೂದು ಬಣ್ಣದ ನೂಲಿನ ಸೀರೆ, ಬಿಗಿಯಾಗಿ ಹೆಣೆದ ಜಡೆ, ಮೂಗಿನ ತುದಿಗೆ ಜಾರಿದ ಕನ್ನಡಕ. ನನ್ನನ್ನು ದಾಟಿ ಸೀದಾ ಅಮ್ಮನ ಮುಂದೆ ಹೋಗಿ ನಿಂತು, "ಅಕ್ಕಾ, ಸ್ವಲ್ಪ ದಿನ ಇರ್ತೀನಿ. ಆರು ತಿಂಗಳಿಂದ ಐದು ವರ್ಷ ಅಂತ ಇಟ್ಕೊಳ್ಳಿ," ಅಂದಳು. ಅಮ್ಮ ಅವಳನ್ನು ಸಂಖ್ಯಮ್ಮ ಎಂದು ಕರೆದಳು. ಅದೇ ಹೆಸರು ನಿಂತಿತು.

ನನ್ನ ಅಮ್ಮ ಸರ್ವಮಂಗಳ ಊಟದ ಮೆಸ್ಸು ನಡೆಸುತ್ತಾಳೆ. ಅಪ್ಪ ತೀರಿಕೊಂಡ ವರ್ಷ ಶುರುಮಾಡಿದ್ದು. ಮುದ್ದೆ, ಬಸ್ಸಾರು, ಅನ್ನ, ಮಜ್ಜಿಗೆ. ಅವಳ ಕೈರುಚಿಗೆ ಎರಡು ಮಾತಿಲ್ಲ, ಆದರೆ ನಾಳೆ ಎಷ್ಟು ಜನ ಬರುತ್ತಾರೆ ಎನ್ನುವುದು ಮಾತ್ರ ಅವಳ ಅಂದಾಜಿಗೆ ಎಂದೂ ಸಿಕ್ಕಿದ್ದಿಲ್ಲ. ಒಂದು ದಿನ ಅರ್ಧ ಹಂಡೆ ಸಾರು ಚೆಲ್ಲಬೇಕಾಗುತ್ತಿತ್ತು. ಇನ್ನೊಂದು ದಿನ ಹಸಿದು ಬಂದವರನ್ನು ಬಾಗಿಲಿಂದಲೇ ಕಳಿಸಬೇಕಾಗುತ್ತಿತ್ತು. ಹಾಗೆ ಕಳಿಸಿದ ದಿನ ಅಮ್ಮ ಯಾರ ಜೊತೆಗೂ ಸರಿಯಾಗಿ ಮಾತಾಡುತ್ತಿರಲಿಲ್ಲ.

ಸಂಖ್ಯಮ್ಮ ಮೂರು ದಿನ ಒಲೆಯ ಪಕ್ಕದ ಮಣೆಯ ಮೇಲೆ ಸುಮ್ಮನೆ ಕೂತಿದ್ದಳು. ನಾಲ್ಕನೆಯ ದಿನ, "ನಾಳೆ ನಲವತ್ತೆರಡರಿಂದ ನಲವತ್ತಾರು ಜನ ಬರ್ತಾರೆ ಅಕ್ಕಾ," ಅಂದಳು. ನಲವತ್ತನಾಲ್ಕು ಜನ ಬಂದರು. ಅಂದಿನಿಂದ ಸಾರು ಚೆಲ್ಲುವುದೂ ನಿಂತಿತು, ಜನ ಹಸಿದು ಹೋಗುವುದೂ ನಿಂತಿತು. ಅಮ್ಮನಿಗೆ ಮಧ್ಯಾಹ್ನದ ಮೇಲೆ ಅರ್ಧ ಗಂಟೆ ಕಾಲು ಚಾಚಿ ಕೂರಲು ಬಿಡುವು ಸಿಕ್ಕಿತು. ಆ ಅರ್ಧ ಗಂಟೆ ಇಬ್ಬರೂ ಎಲೆ ಅಡಿಕೆ ಹಾಕಿಕೊಂಡು ಅದೇನು ಮಾತಾಡುತ್ತಿದ್ದರೋ, ಅಮ್ಮ ಹಾಗೆ ನಗುವುದನ್ನು ಕೇಳಿ ನನಗೆ ಎಷ್ಟೋ ವರ್ಷವಾಗಿತ್ತು.

ನಾನು ಮಾತ್ರ ಪರೀಕ್ಷೆ ಬರೆಯುತ್ತಲೇ ಇದ್ದೆ. ಹತ್ತೊಂಬತ್ತಾದ ಮೇಲೆ ಇಪ್ಪತ್ತಾರು. ಆಮೇಲೆ ಹನ್ನೊಂದು. ಆಮೇಲೆ ಹದಿನಾಲ್ಕು. ಉಳಿದ ವಿಷಯಗಳೆಲ್ಲ ಮುಗಿದು, ಡಿಗ್ರಿ ಈ ಒಂದು ಪತ್ರಿಕೆಗಾಗಿ ಬಾಗಿಲಲ್ಲೇ ನಿಂತಿತ್ತು. ಬೀದಿಯಲ್ಲಿ ಸಿಕ್ಕವರು "ಈ ಸಲಾನೂ ಆಗ್ಲಿಲ್ವಾ ಪಂಚು?" ಎಂದು ಕೇಳಿದರೆ ಏನಾದರೂ ಹೇಳಬೇಕಲ್ಲ? ಒಂದು ದಿನ ತಮಾಷೆಗೆ, "ನಾನು ಪಾಸಾದ್ರೆ ಸಂಖ್ಯಮ್ಮ ಹೊರಟುಹೋಗ್ತಾರೆ. ಆಮೇಲೆ ಅಮ್ಮನ ಮೆಸ್ಸಿನ ಗತಿ?" ಅಂದುಬಿಟ್ಟೆ. ಕೇಳಿದವರ ಮುಖ ಒಮ್ಮೆಲೇ ಮೆತ್ತಗಾಯಿತು. ಆ ಮೆತ್ತಗಿನ ಮುಖ ನನಗೆ ಬಹಳ ಹಿಡಿಸಿತು. ಮುಂದಿನ ಸಲ ಅದೇ ಮಾತನ್ನು ನಗದೆ ಹೇಳಿದೆ. ಅದರ ಮುಂದಿನ ಸಲ ಹೇಳುವಾಗ ಒಂದು ನಿಟ್ಟುಸಿರನ್ನೂ ಸೇರಿಸಿದೆ. ಹಾಗೆ ಹೇಳಿ ಹೇಳಿ ಕೊನೆಗೆ ನನಗೇ ಅರ್ಧ ನಂಬಿಕೆ ಬಂದಿತ್ತು. ಅಮ್ಮನ ಕಿವಿಗೆ ಮಾತ್ರ ಬೀಳದಂತೆ ನೋಡಿಕೊಂಡಿದ್ದೆ.

ನಮ್ಮೂರ ಗುಡ್ಡದ ಮೇಲೆ ದೊಡ್ಡ ಮ್ಯಾನೇಜ್‌ಮೆಂಟ್ ಕಾಲೇಜಿದೆ. ಸುತ್ತ ಹತ್ತೂರಿನ ಬುದ್ಧಿವಂತರು ಅಲ್ಲಿಗೆ ಸೇರಬೇಕೆಂದು ಬಡಿದಾಡುತ್ತಾರೆ, ಸೀಟು ಇರುವುದು ನಲವತ್ತು. ಅದರ ಪ್ರವೇಶ ಪರೀಕ್ಷೆಯಲ್ಲಿ ಲೆಕ್ಕ ಕಡಿಮೆ, ಓದಿ ಅರ್ಥಮಾಡಿಕೊಂಡು ವಾದ ಮಾಡುವುದು ಹೆಚ್ಚು. ವಾದದಲ್ಲಿ ನಾನು ಹಿಂದೆ ಬಿದ್ದವನಲ್ಲ. ಮೂರನೆಯ ರ‍್ಯಾಂಕು ಬಂತು. ಸಂದರ್ಶನಕ್ಕೆ ಕರೆದರು.

ತಿಪ್ಪೇರುದ್ರಪ್ಪನವರ ಕೋಟು ಕೇಳಿ ತಂದು ಹಾಕಿಕೊಂಡು ಹೋದೆ. ತೋಳು ನಾಲ್ಕು ಬೆರಳು ಗಿಡ್ಡವಾಗಿತ್ತು, ಹಾಗಾಗಿ ಕೈಗಳನ್ನು ಮೇಜಿನ ಕೆಳಗೇ ಇಟ್ಟುಕೊಂಡೆ. ಮೂರು ಜನ ಕೂತಿದ್ದರು. ನಡುವೆ ಇದ್ದವರು ನಿರ್ದೇಶಕಿ ಶೈಲಶ್ರೀ ಮೇಡಂ. ನನ್ನ ಅಂಕಪಟ್ಟಿಗಳನ್ನು ಇಸ್ಪೀಟಿನ ಎಲೆಗಳಂತೆ ಮೇಜಿನ ಮೇಲೆ ಹರಡಿಕೊಂಡು ನೋಡುತ್ತಿದ್ದರು.

"ಏನ್ರೀ ಇದು? ಒಂದ್ ಕಡೆ ತೊಂಬತ್ತೊಂದು, ಇನ್ನೊಂದ್ ಕಡೆ ಹನ್ನೊಂದು. ಇದಕ್ಕೆ ಏನಂತ ಹೇಳ್ತೀರಿ?"

ನಾನು ನಿಜ ಹೇಳಬಹುದಿತ್ತು. ತಲೆಗೆ ಹತ್ತಲಿಲ್ಲ ಮೇಡಂ ಎಂದರೆ ಮುಗಿದುಹೋಗುತ್ತಿತ್ತು. ಆದರೆ ನನ್ನ ಬಾಯಿಗೆ ಆಗಲೇ ಅಭ್ಯಾಸವಾಗಿತ್ತು. ಅಮ್ಮನ ಮೆಸ್ಸು, ಹಸಿದು ಹೋಗುತ್ತಿದ್ದ ಜನ, ಸಂಖ್ಯಮ್ಮ ಬಂದ ಮೇಲೆ ಅಮ್ಮನ ಮುಖದಲ್ಲಿ ಕಂಡ ನಗು, ಆ ನಗುವನ್ನು ಉಳಿಸಲೆಂದು ಆಮೇಲೆ ಮೂರು ಸಲ ಬೇಕೆಂದೇ ಸೋತ ಮಗ. ಹೀಗೆ ಒಂದೊಂದಾಗಿ ಹೇಳುತ್ತಾ ಹೋದೆ. ಎಡಗಡೆ ಕೂತಿದ್ದ ವಯಸ್ಸಾದ ಪ್ರೊಫೆಸರು ಕರವಸ್ತ್ರ ತೆಗೆದರು. ಶೈಲಶ್ರೀ ಮೇಡಂ ಮಾತ್ರ ಪೆನ್ನಿನ ಮುಚ್ಚಳ ಹಾಕುತ್ತಾ, "ಅಂದ್ರೆ ಬೇಕು ಅಂದಾಗ ಪಾಸಾಗಬಲ್ಲಿರಿ?" ಎಂದು ಕೇಳಿದರು.

"ಆಗಬಲ್ಲೆ ಮೇಡಂ."

"ಸಂತೋಷ. ಜೂನ್ ಪರೀಕ್ಷೇಲಿ ಪಾಸಾಗಿ ಬನ್ನಿ. ಸೀಟು ಇಟ್ಟಿರ್ತೀವಿ."

ನನ್ನ ಕಥೆಯನ್ನು ಅವರು ನಂಬಿರಲಿಲ್ಲ ಎಂದು ಈಗ ಗೊತ್ತಿದೆ. ನಂಬಿದ್ದರೆ ಪಾಸಾಗು ಎಂದು ಯಾಕೆ ಹೇಳುತ್ತಿದ್ದರು? ಆದರೆ ಆ ದಿನ ಗುಡ್ಡ ಇಳಿಯುವಾಗ ನನಗೆ ಅನಿಸಿದ್ದು ಇಷ್ಟೇ: ನಾನು ತೋಡಿದ ಗುಂಡಿ ನನ್ನ ಅಳತೆಗೆ ಸರಿಯಾಗಿಯೇ ಇದೆ.

ನಾಲ್ಕು ದಿನಕ್ಕೆ ಪತ್ರ ಬಂತು. ಸರಿಯಾಗಿ ಊಟದ ಹೊತ್ತು. ಅಮ್ಮನ ಎರಡೂ ಕೈ ಮುದ್ದೆಯ ಹಿಟ್ಟಿನಲ್ಲಿದ್ದವು. "ಓದು ಸಂಖ್ಯಮ್ಮ, ಏನಂತೆ?" ಅಂದಳು. ನಾನು ತಟ್ಟೆಯ ಮುಂದಿನಿಂದ ಎದ್ದು ಓಡಿ ಬರುವಷ್ಟರಲ್ಲಿ ಸಂಖ್ಯಮ್ಮ ಲಕೋಟೆ ಹರಿದಾಗಿತ್ತು. ಒಂದು ಸಂಖ್ಯೆಯನ್ನೂ ತಪ್ಪಿಸದವಳು ಒಂದು ಅಕ್ಷರವನ್ನು ಬಿಡುತ್ತಾಳೆಯೇ? ಜೋರಾಗಿ ಓದಿದಳು. "ತಾಯಿಯವರ ಊಟದ ಮನೆಯು ಸುಗಮವಾಗಿ ನಡೆಯಲೆಂದು ತಾವು ಮೂರು ಬಾರಿ ಉದ್ದೇಶಪೂರ್ವಕವಾಗಿ ಅನುತ್ತೀರ್ಣರಾದುದಾಗಿ ತಿಳಿಸಿರುವುದನ್ನು ಸಮಿತಿಯು ಗಮನಿಸಿದೆ. ಜೂನ್ ಪರೀಕ್ಷೆಯಲ್ಲಿ ತೇರ್ಗಡೆ ಹೊಂದಿದಲ್ಲಿ ಮಾತ್ರ ಪ್ರವೇಶ ನೀಡಲಾಗುವುದು."

ಉಣ್ಣುತ್ತಿದ್ದ ದರ್ಜಿ ಬಸಲಿಂಗಪ್ಪ ಎಡಗೈಯಲ್ಲಿ ಕಣ್ಣೊರೆಸಿಕೊಂಡು, "ಮಂಗಳಕ್ಕಾ, ಇಂಥಾ ಮಗನ್ನ ಪಡಿಯೋಕೆ ಪುಣ್ಯ ಮಾಡಿರಬೇಕು," ಅಂದ. ನಾನು ತಲೆ ತಗ್ಗಿಸಿ ಮಜ್ಜಿಗೆ ಅನ್ನ ಕಲೆಸಿದೆ, ಕಲೆಸಿದ್ದನ್ನೇ ಮತ್ತೆ ಕಲೆಸಿದೆ. ನೋಡಿದವರಿಗೆ ಅದು ವಿನಯದಂತೆ ಕಂಡಿರಬೇಕು. ಸಂಖ್ಯಮ್ಮ ಪತ್ರ ಮಡಿಸುತ್ತಾ, ನಾಲ್ಕು ವರ್ಷದಲ್ಲಿ ಮೊದಲ ಸಲ, ಕನ್ನಡಕದ ಮೇಲಿನಿಂದ ನನ್ನ ಕಡೆ ಒಮ್ಮೆ ನೋಡಿದಳು.

ಸಂಜೆ ಅಮ್ಮ ನನ್ನ ಪಕ್ಕ ಬಂದು ಕೂತು, "ಯಾಕೋ ಹಂಗ್ ಮಾಡ್ದೆ? ನಾನು ಕೇಳಿದ್ನಾ?" ಅಂದಳು. "ಇನ್ನು ಸಾಕು. ಮೆಸ್ಸು ನಾನು ಹೆಂಗೋ ನೋಡ್ಕೋತೀನಿ. ನೀನು ಈ ಸಲ ಪಾಸಾಗು." ಪಾಸಾಗುವುದೆಂದರೆ ನಲ್ಲಿ ತಿರುಗಿಸಿದಂತೆ ಎಂದು ಅವಳು ತಿಳಿದುಕೊಂಡಿದ್ದಳು.

ಮೂರು ತಿಂಗಳು ಇತ್ತು. ಸಂಖ್ಯಮ್ಮ ನನ್ನ ಜೊತೆ ಮಾತಾಡುವಂತಿಲ್ಲ, ಆದ್ದರಿಂದ ಪಾಠ ಅಮ್ಮನ ಮೂಲಕ ನಡೆಯಿತು. ನಾನು ಅಮ್ಮನನ್ನು ಕೇಳುತ್ತಿದ್ದೆ, ಅಮ್ಮ ಅತ್ತ ತಿರುಗಿ ಸಂಖ್ಯಮ್ಮನನ್ನು ಕೇಳಿ, ತಿಳಿದುಕೊಂಡು, ಇತ್ತ ತಿರುಗಿ ನನಗೆ ಹೇಳುತ್ತಿದ್ದಳು. "ಸರಾಸರಿ ನಲವತ್ನಾಲ್ಕು ಅಂದ್ರೆ ದಿನಾ ನಲವತ್ನಾಲ್ಕೇ ಜನ ಬರ್ತಾರೆ ಅಂತಲ್ಲ ಕಣೋ. ಎಷ್ಟು ಆಚೆ ಈಚೆ ಆಗ್ತದೆ ಅನ್ನೋದನ್ನ ನೋಡ್ಬೇಕು. ಶನಿವಾರ ತುಂಬ ಆಚೆ ಈಚೆ. ಸೋಮವಾರ ಹೆಚ್ಚೂ ಇಲ್ಲ ಕಮ್ಮೀನೂ ಇಲ್ಲ. ಗೊತ್ತಾಯ್ತಾ?" ಪುಸ್ತಕದಲ್ಲಿ ನಾಲ್ಕು ವರ್ಷ ನನ್ನ ಕಣ್ಣಿಗೆ ಮಣ್ಣೆರಚಿದ್ದ ವಿಷಯ ಅಮ್ಮನ ಬಾಯಲ್ಲಿ ಸಾರಿನಷ್ಟು ಸಲೀಸಾಗಿತ್ತು. ನನಗೆ ಗೊತ್ತಾಗದೆ ಇದ್ದಾಗ, "ಗೊತ್ತಿಲ್ದೋನ ಥರ ಆಡ್ಬೇಡ. ನಾಟಕ ಇನ್ನು ಸಾಕು," ಎಂದು ಗದರುತ್ತಿದ್ದಳು. ಮೂರು ತಿಂಗಳಲ್ಲಿ ನನಗೆ ಅತ್ಯಂತ ಕಷ್ಟವಾದದ್ದು ಅದು: ನಿಜವಾಗಿ ದಡ್ಡನಾಗಿದ್ದೂ, ದಡ್ಡನ ವೇಷ ಹಾಕಿದ್ದೇನೆ ಎಂದು ಬೈಸಿಕೊಳ್ಳುವುದು.

ಪರೀಕ್ಷೆಯ ದಿನ ನನ್ನ ನಂಬರು ಹುಡುಕಿ ಕೂತು ತಲೆಯೆತ್ತಿದರೆ, ಎರಡು ಬೆಂಚು ಮುಂದೆ ಅಮ್ಮ. ಮದುವೆಮನೆಗೆ ಉಡುವ ಹಸಿರು ಸೀರೆ ಉಟ್ಟು, ಪೆನ್ನನ್ನು ಎರಡು ಕೈಯಲ್ಲೂ ಹಿಡಿದುಕೊಂಡು ಕೂತಿದ್ದಳು. ನಮ್ಮೂರಿನಲ್ಲಿ ಯಾರು ಬೇಕಾದರೂ ಖಾಸಗಿಯಾಗಿ ಯಾವ ಪತ್ರಿಕೆ ಬೇಕಾದರೂ ಬರೆಯಬಹುದು.

"ಅಮ್ಮಾ, ನೀನಿಲ್ಲಿ?"

"ಫೇಲಾಗೋಕೆ ಬಂದಿದೀನಿ," ಅಂದಳು ತಿರುಗದೆ. "ನಾನು ಫೇಲಾದ್ರೆ ಸಂಖ್ಯಮ್ಮ ನನ್ನ ಹೆಸರಲ್ಲಿ ಉಳ್ಕೋತಾಳೆ. ನೀನು ನಿಶ್ಚಿಂತೆಯಾಗಿ ಪಾಸಾಗು. ಈ ಕಡೆ ನೋಡ್ಬೇಡ, ಬರಿ."

ಖಾಲಿ ಹಾಳೆ ಕೊಟ್ಟು ಬಂದರೆ ಯಾವ ವಿಷಯವೂ ಮನೆಗೆ ಬರುವುದಿಲ್ಲ. ಸಂಗೀತ ತನ್ನ ಮನೆಯಲ್ಲಿರಲಿ ಎಂದು ಖಾಲಿ ಹಾಳೆ ಕೊಟ್ಟು ಬಂದು, ವಾರಗಟ್ಟಲೆ ಜಗಲಿಯಲ್ಲಿ ಕಾದು ಕೂತವರು ನಮ್ಮೂರಿನಲ್ಲಿದ್ದಾರೆ. ಹಾಳೆ ತುಂಬ ಬರೆದೇ ಫೇಲಾಗಬೇಕು. ಅಮ್ಮ ತಲೆ ತಗ್ಗಿಸಿ ಬರೆಯುತ್ತಿದ್ದಳು. ನಡುವೆ ಒಂದು ಸಲ ಪೆನ್ನು ನಿಲ್ಲಿಸಿ, ಸೆರಗಿನಿಂದ ಮುಖ ಒರೆಸಿಕೊಂಡು, ಬಹಳ ಹೊತ್ತು ಗೋಡೆ ನೋಡಿದಳು. ಆಮೇಲೆ ಮತ್ತೆ ಬರೆಯತೊಡಗಿದವಳು ಗಂಟೆ ಹೊಡೆಯುವವರೆಗೂ ನಿಲ್ಲಿಸಲಿಲ್ಲ.

ತಿಂಗಳು ಕಳೆದು ಫಲಿತಾಂಶ ಅಂಟಿಸಿದರು. ನನಗೆ ಮೂವತ್ತೈದು. ಪಾಸಾಗಲು ಬೇಕಾದದ್ದೂ ಅಷ್ಟೇ, ಒಂದೂ ಹೆಚ್ಚಿಲ್ಲ. ಬೆರಳಿಟ್ಟು ಮೂರು ಸಲ ನೋಡಿಕೊಂಡೆ. ಸೀಟು ಸಿಕ್ಕಿತ್ತು. ಆ ಕ್ಷಣ ನನಗೆ ಬೇರೆ ಯಾರ ನೆನಪೂ ಇರಲಿಲ್ಲ, ಖುಷಿಗೆ ಪಕ್ಕದಲ್ಲಿದ್ದ ಗುರುತಿಲ್ಲದವನನ್ನು ತಬ್ಬಿಕೊಂಡೆ. ಆಮೇಲೆ ಕೆಳಗಿನ ಸಾಲಿನಲ್ಲಿ ಅಮ್ಮನ ನಂಬರು ಕಂಡಿತು. ಅರವತ್ತೆಂಟು.

ಜೊತೆಗೆ ಬಂದಿದ್ದ ಅಮ್ಮ ಕಾಲೇಜಿನ ಮೆಟ್ಟಿಲ ಮೇಲೆ ಕೂತು ಅತ್ತಳು. ಅದು ಆನಂದಬಾಷ್ಪ ಎಂದು ತಿಳಿದು ಜನ ಬಂದು ಬಂದು ಕೈ ಕುಲುಕಿದರು. "ಈ ವಯಸ್ಸಲ್ಲಿ ಫಸ್ಟ್ ಕ್ಲಾಸು!" ಎಂದು ತಿಪ್ಪೇರುದ್ರಪ್ಪನವರು ಹೂವಿನ ಹಾರ ತರಿಸಿದರು. ಅಮ್ಮ ಹಾರವನ್ನು ಕಿತ್ತು ನನ್ನ ಕೈಗೆ ತುರುಕಿ ಮನೆಗೆ ನಡೆದಳು.

ಮನೆಯಲ್ಲಿ ಸಂಖ್ಯಮ್ಮ ಗಂಟು ಕಟ್ಟಿ ಮುಗಿಸಿದ್ದಳು. ಅಮ್ಮ ಹೋಳಿಗೆ ಮಾಡಿದಳು, ಇಬ್ಬರೂ ಎದುರುಬದುರು ಕೂತರು. "ತಪ್ಪು ಬರೀತೀನಿ ಅಂದಿದ್ರಲ್ಲ ಅಕ್ಕಾ?" ಎಂದು ಸಂಖ್ಯಮ್ಮ ಕೇಳಿದಳು.

"ಮೊದಲನೇದು ತಪ್ಪು ಬರೆದೆ. ಎರಡನೇದೂ ತಪ್ಪು ಬರೆದೆ," ಅಂದಳು ಅಮ್ಮ. "ಮೂರನೇದು ಶಾಲೆ ಮಕ್ಕಳ ಊಟದ್ದು. ಹತ್ತು ದಿನ ಎಷ್ಟೆಷ್ಟು ಮಕ್ಕಳು ಬಂದ್ರು ಅಂತ ಕೊಟ್ಟು, ನಾಳೆ ಎಷ್ಟು ಮಕ್ಕಳಿಗೆ ಅಡುಗೆ ಮಾಡ್ಬೇಕು ಅಂತ ಕೇಳಿದ್ರು. ಕಮ್ಮಿ ಬರೆದ್ರೆ ಮಕ್ಕಳು ಉಪವಾಸ. ಅದನ್ನ ಹೆಂಗೆ ತಪ್ಪು ಬರೀಲಿ, ನೀನೇ ಹೇಳು? ಕೈ ಬರ್ಲಿಲ್ಲ ಸಂಖ್ಯಮ್ಮ. ಸರಿಯಾಗಿ ಬರೆದೆ. ಒಂದ್ಸಲ ಸರಿ ಬರೆದ ಮೇಲೆ ಮುಂದಿನವೂ ಹಂಗೇ ಬಂದ್ಬಿಟ್ವು."

ಸಂಖ್ಯಮ್ಮ ಕನ್ನಡಕ ತೆಗೆದು ಸೀರೆಗೆ ಒರೆಸಿಕೊಂಡಳು, ಹಾಕಿಕೊಂಡು ಮತ್ತೆ ತೆಗೆದಳು.

ಪದ್ಧತಿಯಂತೆ ಅವಳ ಗಂಟು ಹೊತ್ತು ನಾನು ಬೀದಿಯ ಕೊನೆಯವರೆಗೆ ಹೋದೆ. ಅಲ್ಲಿ ಗಂಟನ್ನು ಕೈಗೆ ತೆಗೆದುಕೊಂಡು, ಅವಳು ನನ್ನ ಜೊತೆ ಮಾತಾಡಿದಳು.

"ಬೇಕಂತ ಫೇಲಾಗೋರು ಸೊನ್ನೆ ತಗೋತಾರೆ, ಇಲ್ಲಾಂದ್ರೆ ಮೂವತ್ನಾಲ್ಕು. ಇಪ್ಪತ್ತಾರು, ಹನ್ನೊಂದು, ಹದಿನಾಲ್ಕು ಯಾರೂ ಬೇಕಂತ ತಗೊಳ್ಳಲ್ಲಪ್ಪ. ಅದು ಮನಸ್ಸಿಟ್ಟು ಓದಿದೋನ ನಂಬರು."

ನಾನು ನಗಲು ನೋಡಿದೆ. ಅವಳು ನಗಲಿಲ್ಲ.

"ಆ ಕಾಗದ ಬರೋಕೆ ಮುಂಚೆ ನಿಮ್ಮಮ್ಮ ಮಧ್ಯಾಹ್ನ ಎರಡು ಮುದ್ದೆ ಉಣ್ತಿದ್ರು. ಕಾಗದ ಬಂದ ದಿನದಿಂದ ಇವತ್ತಿನ ತನಕ ಅರ್ಧ. ಒಂದು ದಿನಾನೂ ಅರ್ಧ ದಾಟಿಲ್ಲ. ನಿನ್ನ ಕಣ್ಣಿಗೆ ಬಿದ್ದಿರ್ಲಿಕ್ಕಿಲ್ಲ. ನಾನು ಎಣಿಸೋಳಲ್ವಾ?" ಅಂದು, ಸೆರಗು ಸರಿಮಾಡಿಕೊಂಡು ಹೊರಟುಹೋದಳು.

ನಾನು ಮನೆಗೆ ಬಂದು ಏನೂ ಹೇಳಲಿಲ್ಲ. ಅಷ್ಟು ಬೇಗ ನಿಜ ಹೇಳಿ ನನಗೆ ಅಭ್ಯಾಸವಿರಲಿಲ್ಲ. ಮರುದಿನ ಮಧ್ಯಾಹ್ನ ಊಟದವರೆಲ್ಲ ಹೋದ ಮೇಲೆ ಅಮ್ಮ ಒಬ್ಬಳೇ ತಟ್ಟೆ ಹಾಕಿಕೊಂಡು ಕೂತಳು. ತಟ್ಟೆಯಲ್ಲಿ ಅರ್ಧ ಮುದ್ದೆ ಇತ್ತು. ನಾಲ್ಕು ತಿಂಗಳಿಂದ ಅದು ನನ್ನ ಎದುರೇ ಇದ್ದದ್ದು, ನಾನು ನೋಡಿರಲಿಲ್ಲ. ಹೋಗಿ ಅವಳ ಎದುರು ನೆಲದ ಮೇಲೆ ಕೂತೆ.

"ಅಮ್ಮಾ, ನಾನು ನಿನಗೋಸ್ಕರ ಫೇಲಾಗಿದ್ದಲ್ಲ. ನಂಗೆ ಬರ್ತಿರ್ಲಿಲ್ಲ. ಮರ್ಯಾದೆ ಉಳಿಸ್ಕೊಳ್ಳೋಕೆ ಹಂಗೆ ಹೇಳಿದ್ದು."

ಅಮ್ಮನ ಕೈ ತಟ್ಟೆಯಲ್ಲೇ ನಿಂತಿತು. "ಒಂದ್ಸಲಾನೂ ಬೇಕಂತ ಅಲ್ವಾ?"

"ಒಂದ್ಸಲಾನೂ ಅಲ್ಲ."

"ಹನ್ನೊಂದು ಬಂತಲ್ಲ, ಅವಾಗ?"

"ಅವಾಗ್ಲೇ ಅಮ್ಮಾ ಎಲ್ಲಕ್ಕಿಂತ ಜಾಸ್ತಿ ಓದಿದ್ದು."

ಬೈಯುತ್ತಾಳೆ ಎಂದುಕೊಂಡೆ. ಹೊಡೆದರೂ ಹೊಡೆಸಿಕೊಳ್ಳುವುದೆಂದು ತಯಾರಾಗಿ ಕೂತಿದ್ದೆ. ಆದರೆ ಅಮ್ಮನ ಬಿಗಿದಿದ್ದ ಭುಜ ಸಡಿಲವಾಯಿತು.

"ಅಯ್ಯೋ ಕತ್ತೆ," ಅಂದಳು. "ನಾಲ್ಕು ತಿಂಗಳಿಂದ ತುತ್ತು ಗಂಟಲಲ್ಲಿ ಇಳೀತಿರ್ಲಿಲ್ಲ ಕಣೋ ನಂಗೆ. ನನ್ನ ಮೆಸ್ಸಿಗೋಸ್ಕರ ಮಗನ ಮೂರು ವರ್ಷ ತಿಂದ್ಬಿಟ್ನಲ್ಲಾ ಅಂತ. ದಡ್ಡನ್ನ ಹೆತ್ತೋಳು ಅಂದ್ರೆ ಅನ್ಲಿ. ಅದೇನು ದೊಡ್ಡದು, ತಡ್ಕೋತೀನಿ."

ಎದ್ದು ಹೋಗಿ ಪಾತ್ರೆಯಲ್ಲಿ ಉಳಿದಿದ್ದ ಒಂದಿಡೀ ಮುದ್ದೆಯನ್ನು ತಟ್ಟೆಗೆ ಹಾಕಿಕೊಂಡಳು. ಮೇಲೆ ಸಾರು ಹೊಯ್ದುಕೊಂಡು ಬಂದು ಕೂತು, ನನ್ನ ಕಡೆ ನೋಡದೆ, ಪೂರ್ತಿ ಉಂಡಳು.